ಕಪ್ಪು ಚುಕ್ಕೆ, ಬಿಳಿ ಚುಕ್ಕೆ

ಹಳೆಯ ಕಪ್ಪುಬಿಳುಪು ಸಿನಿಮಾದ ಕ್ಯಾಸೆಟ್ಟನ್ನೋ ಡಿವಿಡಿಯನ್ನೋ ಹಾಕಿದಾಗ ಪರದೆಯ ಮೇಲೆ ಚುಕ್ಕೆಗಳು ಹಾರಾಡುತ್ತವೆ. ಬಿಳಿ ಚುಕ್ಕೆ ಮಿಂಚಿ ಮಾಯವಾದರೆ ಧೂಳು ಕೂತಿದ್ದದ್ದು ನೆಗೆಟಿವ್ ಮೇಲೆ: ಪ್ರಿಂಟ್ ಹಾಕುವಾಗ ಆ ಕಣ ಬೆಳಕನ್ನು ತಡೆದಿದೆ, ಪ್ರಿಂಟ್‌ನಲ್ಲಿ ಆ ಜಾಗ ಬೆಳ್ಳಗೆ ಉಳಿದಿದೆ. ಚುಕ್ಕೆ ಕಪ್ಪಾಗಿದ್ದರೆ ಧೂಳು ಪ್ರಿಂಟ್ ಮೇಲೆಯೇ ಕೂತಿತ್ತು ಎಂದರ್ಥ. ರೀಲಿನ ಕೊನೆಗೆ ಬಲಗಡೆ ಮೇಲಿನ ಮೂಲೆಯಲ್ಲಿ ಒರಟಾಗಿ ಕೆರೆದ ದುಂಡು ಗುರುತು ಕಂಡರೆ, ಅದು ಪ್ರೊಜೆಕ್ಟರ್ ಆಪರೇಟರ್ ರೀಲು ಬದಲಿಸುವ ಹೊತ್ತು ತಿಳಿಯಲೆಂದು ಮಾಡಿಕೊಂಡ ಗುರುತು. ಅಂಥ ವಿಡಿಯೊ, ಥಿಯೇಟರ್‌ಗಳಲ್ಲಿ ಓಡಿ ಓಡಿ ಸವೆದ ಪ್ರಿಂಟ್‌ನಿಂದ ಇಳಿಸಿದ್ದು.

ಈ ಗುರುತುಗಳ ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಗಾಗಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ದಕ್ಷಿಣ ಕೊಡಗಿನ ಕುಟ್ಟದ ನಮ್ಮ ಮನೆಯಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿದೆ. ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿದ್ದ ಕಾಲದ ರೆಕಾರ್ಡಿಂಗ್ ಅದು. ಚಿತ್ರದ ನಾಯಕಿ ಯಮುನಕ್ಕ ಇರುಳಿನಲ್ಲಿ ಮನೆಬಿಟ್ಟು ಹೋಗುವ ಭಾಗ ಬಂದರೆ ಪರದೆಯಲ್ಲಿ ಉಳಿಯುವುದು ಕೆಸರಿನಂಥ ಕಪ್ಪು. ದೊಂದಿಯ ಬೆಳಕು ಒಂದು ಬಿಳಿ ಕಲೆ. ಅದರ ಸುತ್ತ ಮುಖವಿಲ್ಲ, ಮರವಿಲ್ಲ. ಈ ಕತ್ತಲು ಛಾಯಾಗ್ರಾಹಕ ಎಸ್. ರಾಮಚಂದ್ರ ಬಯಸಿದ್ದೇ, ಅಥವಾ ಪ್ರತಿಯಿಂದ ಪ್ರತಿಗೆ ಇಳಿಯುತ್ತಾ ಸೇರಿಕೊಂಡದ್ದೇ?

ಇದೇ ಪ್ರಶ್ನೆಯನ್ನು ಅತಿ ಹೆಚ್ಚು ಶ್ರದ್ಧೆಯಿಂದ ಕೇಳಿಕೊಂಡವರು ಅಮೆರಿಕದ ‘ನುವಾರ್’ ಚಿತ್ರಗಳ ಪ್ರೇಮಿಗಳು. 1940ರ, 50ರ ದಶಕಗಳ ಆ ಅಪರಾಧ ಕಥೆಗಳಿಗೆ ಕತ್ತಲೇ ಜೀವ. ‘ದಿ ಬಿಗ್ ಕಾಂಬೊ’ದ (1955) ಛಾಯಾಗ್ರಾಹಕ ಜಾನ್ ಆಲ್ಟನ್ ಎಷ್ಟು ಕಡೆ ದೀಪ ಹಚ್ಚಬೇಕೆನ್ನುವುದಕ್ಕಿಂತ ಎಲ್ಲಿ ಹಚ್ಚಬಾರದೆಂದು ಯೋಚಿಸಿದವನು. ಅಂಥ ಚಿತ್ರವನ್ನು ಕೆಟ್ಟ ಪ್ರತಿಯಲ್ಲಿ ನೋಡಿದರೆ ನೆರಳಿನಲ್ಲಿ ನಿಂತ ಮನುಷ್ಯನೇ ಇಲ್ಲವಾಗುತ್ತಾನೆ. ಎಡ್ಗರ್ ಉಲ್ಮರ್‌ನ ‘ಡಿಟೂರ್’ (1945) ಹಕ್ಕುಸ್ವಾಮ್ಯದ ಕಾವಲು ತಪ್ಪಿದ್ದರಿಂದ ಯಾರು ಬೇಕಾದರೂ ಯಾವ ಪ್ರತಿಯಿಂದ ಬೇಕಾದರೂ ಕ್ಯಾಸೆಟ್ ಮಾಡಿ ಮಾರಿದರು. ದಶಕಗಳ ಕಾಲ ಜನ ನೋಡಿದ್ದು ಮಬ್ಬನ್ನೇ. 2018ರಲ್ಲಿ ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಅದನ್ನು ಮರಳಿ ಕಟ್ಟಿದಾಗ ಆಧಾರವಾದದ್ದು ಬೆಲ್ಜಿಯಂನಲ್ಲಿ ಉಳಿದಿದ್ದ ಪ್ರಿಂಟ್. ಅದರ ಮೇಲೆ ಅಚ್ಚಾಗಿದ್ದ ಉಪಶೀರ್ಷಿಕೆಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಅಳಿಸಬೇಕಾಯಿತು. ‘ವುಮನ್ ಆನ್ ದಿ ರನ್’ (1950) ಚಿತ್ರದ ಅಮೆರಿಕದಲ್ಲಿದ್ದ ಪ್ರಿಂಟ್ 2008ರಲ್ಲಿ ಯೂನಿವರ್ಸಲ್ ಸ್ಟುಡಿಯೊದ ಬೆಂಕಿಗೆ ಆಹುತಿಯಾಯಿತು. ಚಿತ್ರ ಮರಳಿ ಬಂದದ್ದು ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಸಾಮಗ್ರಿಯಿಂದ. ಈ ವಿವರಗಳೆಲ್ಲ ಬಹಿರಂಗವಾಗಿವೆ. ಯಾವ ದೇಶದ ಯಾವ ಪ್ರತಿ, ಯಾವ ವರ್ಷ ಸ್ಕ್ಯಾನ್ ಆಯಿತು ಎಂದು ತಿಳಿದುಕೊಂಡು ಕೊಳ್ಳುವವರು ಕೊಳ್ಳುತ್ತಾರೆ. ನಮ್ಮ ಕನ್ನಡದ ವಿಸಿಡಿ ಕವರುಗಳ ಮೇಲೆ ನಾಯಕ ನಾಯಕಿಯರ ಬಣ್ಣದ ಮುಖ ಕಂಡಿದ್ದೇನೆ. ಮೂಲ ಪ್ರತಿ ಯಾವುದೆಂಬ ಸಾಲನ್ನು ಒಂದರಲ್ಲೂ ಕಂಡಿಲ್ಲ.

ಹಾಗಾಗಿ ದಾಖಲೆಯನ್ನು ಚಿತ್ರದೊಳಗೇ ಹುಡುಕಬೇಕು. ಅದಕ್ಕೆ ಮೊದಲು ಮಾಧ್ಯಮದ ಪಾಲೆಷ್ಟು ಎಂದು ಕಳೆದುಬಿಡೋಣ. ವಿಎಚ್‌ಎಸ್ ಟೇಪು ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟು ವಿವರವನ್ನು ಮಾತ್ರ ಹಿಡಿಯುತ್ತದೆ. ವಿಸಿಡಿಯ ಚೌಕಟ್ಟು 352×288 ಬಿಂದು. ಸೆಕೆಂಡಿಗೆ ಸುಮಾರು 1,150 ಕಿಲೋಬಿಟ್‌ನಲ್ಲಿ ಎಲ್ಲವನ್ನೂ ತುರುಕಬೇಕು. ಆ ಲೆಕ್ಕದಲ್ಲಿ ಮೊದಲು ಬಲಿಯಾಗುವುದು ಕತ್ತಲು: ನೆರಳಿನ ಸೂಕ್ಷ್ಮ ಏರಿಳಿತ ಅಳಿದು ಚೌಕ ಚೌಕ ತುಂಡುಗಳಾಗುತ್ತದೆ. ಡಿವಿಡಿಗೆ 720×576ರ ವಿಶಾಲ ಜಾಗವಿದೆ. ಆದರೆ ಅದೇ ಹಳೆಯ ಟೇಪಿನಿಂದ ಡಿವಿಡಿ ಮಾಡಿದರೆ ಮಬ್ಬನ್ನು ದೊಡ್ಡ ಪಾತ್ರೆಗೆ ಸುರಿದಂತಷ್ಟೇ.

ನಮ್ಮ ಕಡೆ ಇದರ ಜೊತೆಗೆ ಮಳೆ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ದಕ್ಷಿಣ ಕೊಡಗಿನಲ್ಲಿ ಪುಸ್ತಕ, ಬೆಲ್ಟು, ಚಪ್ಪಲಿಗೆಲ್ಲ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಟೇಪಿನ ಅಂಚಿಗೆ ಬಿಳಿ ನೂಲು. ಗೋಣಿಕೊಪ್ಪದಲ್ಲಿ ಹಿಂದೆ ವಿಡಿಯೊ ಲೈಬ್ರರಿ ಇಟ್ಟಿದ್ದ ಹಿರಿಯರೊಬ್ಬರನ್ನು ಕೇಳಿದೆ. “ಮಳೆಗಾಲದಲ್ಲಿ ಬಲ್ಬಿನ ಕೆಳಗೇ ಕ್ಯಾಸೆಟ್ ಜೋಡಿಸ್ತಿದ್ದೆವು ಅಕ್ಕಾ. ಆದರೂ ಒಂದು ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿದರೆ ಹೆಡ್ಡಿಗೆ ಅಂಟಿ, ಆಮೇಲೆ ಹಾಕಿದ್ದಕ್ಕೆಲ್ಲ ಹಿಡೀತಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಸಾಕಾಗ್ತಿತ್ತು,” ಎಂದರು. ಕನ್ನಡ, ಮಲಯಾಳ ಎರಡೂ ಇಡುತ್ತಿದ್ದರಂತೆ. ಕುಟ್ಟದವರು ಎರಡನ್ನೂ ಒಯ್ಯುತ್ತಿದ್ದರು. ಹಳೆಯ ಕಪ್ಪುಬಿಳುಪು ಚಿತ್ರಗಳು ಎಲ್ಲಿಂದ ಬರುತ್ತಿದ್ದವೆಂದು ಕೇಳಿದ್ದಕ್ಕೆ, ಒಂದು ಮಾಸ್ಟರಿನಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಕೈಯಲ್ಲಿ ಮೆಟ್ಟಿಲು ತೋರಿಸಿದರು. ಪ್ರತಿ ಮೆಟ್ಟಿಲಿಗೂ ನೆರಳು ಒಂದಿಷ್ಟು ಗಟ್ಟಿಯಾಗುತ್ತದೆ.

ಚಿತ್ರದೊಳಗಿನ ದಾಖಲೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಎಲ್ಲರೂ ಓಡಿಸಿಬಿಡುವ ಸೆನ್ಸಾರ್ ಪ್ರಮಾಣಪತ್ರ. ಅದರಲ್ಲಿ ಚಿತ್ರದ ಹೆಸರು, ಭಾಷೆಗಳ ಜೊತೆ ರೀಲುಗಳ ಸಂಖ್ಯೆ ಮತ್ತು ಮೀಟರಿನಲ್ಲಿ ಉದ್ದ ಇರುತ್ತದೆ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟು; ಸೆಕೆಂಡಿಗೆ 24 ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್. ಪತ್ರದಲ್ಲಿ 4,000 ಮೀಟರ್ ಎಂದಿದ್ದರೆ ಚಿತ್ರ 146 ನಿಮಿಷ ಓಡಬೇಕು. ಕೈಯಲ್ಲಿರುವ ಡಿವಿಡಿ 140 ನಿಮಿಷಕ್ಕೆ ಮುಗಿದರೆ ಏನೋ ಕತ್ತರಿಸಿದ್ದಾರೆ ಎಂದು ಕೂಡಲೇ ದೂರಬಾರದು: ನಮ್ಮ ಟಿವಿಯ ಪಾಲ್ ಪದ್ಧತಿ ಸೆಕೆಂಡಿಗೆ 25 ಚೌಕಟ್ಟು ಓಡಿಸುವುದರಿಂದ ಶೇಕಡ 4ರಷ್ಟು ಹೊತ್ತು ತಾನಾಗಿ ಕುಗ್ಗುತ್ತದೆ. 130ಕ್ಕೆ ಮುಗಿದರೆ ಮಾತ್ರ ರೀಲು ಹೋಗಿದೆ ಅಥವಾ ಯಾರೋ ಕತ್ತರಿ ಆಡಿಸಿದ್ದಾರೆ. ಪ್ರಮಾಣಪತ್ರವೇ ಇಲ್ಲದ ಪ್ರತಿಗೆ ಭಾರತ ಸರ್ಕಾರದ ಗೆಜೆಟ್ ಇದೆ. ಸೆನ್ಸಾರ್ ಮಂಡಳಿಯ ತೀರ್ಮಾನಗಳು ಚಿತ್ರದ ಉದ್ದ ಮತ್ತು ತೆಗೆಸಿದ ಭಾಗಗಳ ಸಮೇತ ಅದರಲ್ಲಿ ಅಚ್ಚಾಗುತ್ತಿದ್ದವು. 1960ರ ದಶಕದ ಕನ್ನಡ ಚಿತ್ರಗಳನ್ನು ಮದರಾಸಿನ ಪಟ್ಟಿಯಲ್ಲಿ ನೋಡಬೇಕು. ಚಿತ್ರೀಕರಣ, ಲ್ಯಾಬ್, ಸೆನ್ಸಾರ್ ಎಲ್ಲ ಆಗ ಹೆಚ್ಚಾಗಿ ಅಲ್ಲೇ.

ಇನ್ನೊಂದು ಸಾಕ್ಷಿ ಕಿವಿಗೆ ಸಿಗುತ್ತದೆ. ಶೇಕಡ 4ರ ವೇಗಕ್ಕೆ ಶ್ರುತಿಯೂ ಏರುತ್ತದೆ, ಹೆಚ್ಚುಕಡಿಮೆ ಮುಕ್ಕಾಲು ಸ್ವರಸ್ಥಾನದಷ್ಟು. ಗ್ರಾಮಫೋನ್ ರೆಕಾರ್ಡಿನಲ್ಲಿ ಕೇಳಿ ಬೆಳೆದ ಪಿ. ಬಿ. ಶ್ರೀನಿವಾಸರ ಹಾಡು ವಿಡಿಯೊದಲ್ಲಿ ಕೊಂಚ ತೆಳುವಾಗಿ, ಅವಸರದಲ್ಲಿ ಹಾಡಿದಂತೆ ಕೇಳಿಸಿದರೆ ಕಾರಣ ಇದು. ಹಾರ್ಮೋನಿಯಂ ಹಿಡಿದು ಕೂತರೆ ಪಾಲ್ ವೇಗದ ಪ್ರತಿಯನ್ನು ಗಡಿಯಾರವಿಲ್ಲದೆಯೇ ಗುರುತಿಸಬಹುದು.

‘ಘಟಶ್ರಾದ್ಧ’ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಕ್ಯಾಸೆಟ್ಟಿನಿಂದಲ್ಲ, ಪುನರುಜ್ಜೀವನದ ದಾಖಲೆಯಿಂದ. ಸ್ವರ್ಣಕಮಲ ಪಡೆದ ಈ ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿತ್ತು, ಪಿ. ಕೆ. ನಾಯರ್ ಬಿಡದೆ ಕಟ್ಟಿ ಬೆಳೆಸಿದ, 1964ರಲ್ಲಿ ಆರಂಭವಾದ ಭಂಡಾರ ಅದು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ 4ಕೆ ರೂಪದಲ್ಲಿ ಅದನ್ನು ಸಿದ್ಧಪಡಿಸಿದವು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಅಲ್ಲಿಂದ ಹೊರಬಂದ ಚಿತ್ರಿಕೆಗಳನ್ನು ಟಿವಿಯಲ್ಲಿ ನಿಲ್ಲಿಸಿದ ಕ್ಯಾಸೆಟ್ ಚೌಕಟ್ಟುಗಳ ಪಕ್ಕ ಇಟ್ಟು ನೋಡಿದೆ. ಕೆಸರು ಎಂದುಕೊಂಡದ್ದರಲ್ಲಿ ಬೂದಿ ಬಣ್ಣದ ಎಷ್ಟೊಂದು ಅಂತಸ್ತು! ಯಮುನಕ್ಕನಾದ ಮೀನಾ ಕುಟ್ಟಪ್ಪ ಅವರ ಮುಖದ ನೆರಳು ಬದಿಯಲ್ಲೂ ಕಣ್ಣು ಜೀವಂತವಾಗಿದೆ. ರಾಮಚಂದ್ರ ಕತ್ತಲನ್ನು ತೆಗೆದದ್ದು ನಿಜ. ಆ ಕತ್ತಲಿನೊಳಗೆ ನೋಡಲು ದಾರಿ ಬಿಟ್ಟೇ ತೆಗೆದಿದ್ದರು. 2011ರಲ್ಲಿ ತೀರಿಕೊಂಡ ಅವರು ಇದನ್ನು ನೋಡಲಿಲ್ಲ ಎನ್ನುವುದು ನನ್ನನ್ನು ಕಾಡುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು, ನಾವು ಮಬ್ಬನ್ನೇ ಚಿತ್ರವೆಂದು ನೋಡುತ್ತಿದ್ದ ಅಷ್ಟೂ ವರ್ಷ ಆ ಬೆಳಕು ಒಂದು ಡಬ್ಬಿಯಲ್ಲಿ ಇದ್ದೇ ಇತ್ತು ಎನ್ನುವುದು.

ಎಲ್ಲ ಚಿತ್ರಕ್ಕೂ ಈ ಅದೃಷ್ಟವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ನಮ್ಮ ಪಾಲಿಗೆ ಇಲ್ಲ. 2003ರ ಜನವರಿ 8ರಂದು ಪುಣೆಯಲ್ಲೇ ನೈಟ್ರೇಟ್ ಫಿಲ್ಮುಗಳಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ದೇಶದ ಎಷ್ಟೋ ಆರಂಭಕಾಲದ ಚಿತ್ರಗಳು ಬೂದಿಯಾದವು. ನೈಟ್ರೇಟ್‌ನ ಬದಲಿಗೆ ಬಂದ ಅಸಿಟೇಟ್ ಫಿಲ್ಮು ಬೆಂಕಿಗೆ ಅಷ್ಟು ಹೆದರದಿದ್ದರೂ ಸೆಕೆ ಮತ್ತು ತೇವಕ್ಕೆ ವಿನೆಗರ್ ವಾಸನೆ ಬಿಟ್ಟು ಮುದುಡುತ್ತದೆ. ಒಂದು ರೀಲಿನಿಂದ ಹೊರಟ ಆಮ್ಲ ಪಕ್ಕದ ರೀಲನ್ನೂ ಹಾಳುಮಾಡುತ್ತದೆ.

ನುವಾರ್‌ಗೆ ಕನ್ನಡದಲ್ಲಿ ಹತ್ತಿರದ ಬಂಧುಗಳನ್ನು ಹುಡುಕಿದರೆ ದೊರೈ–ಭಗವಾನ್ ಜೋಡಿಯ ಸಿಐಡಿ 999 ಚಿತ್ರಗಳು ನೆನಪಾಗುತ್ತವೆ: ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ (ಎರಡೂ 1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969). ಅವು ಬಾಂಡ್ ಮಾದರಿಯ ಉತ್ಸಾಹದವು, ನುವಾರಿನ ವಿಷಾದ ಅವಕ್ಕಿಲ್ಲ. ಆದರೆ ಜೋಡಿಯಲ್ಲಿ ಒಬ್ಬರಾದ ದೊರೈರಾಜ್ ಛಾಯಾಗ್ರಾಹಕರು. ಕಪ್ಪುಬಿಳುಪಿನಲ್ಲಿ ಅವರು ಏನು ಸಾಧಿಸಿದರೆಂದು ಅಳೆಯಲು ನಮಗೆ ಬೇಕಾದದ್ದು ನೆಗೆಟಿವಿನಿಂದ ನೇರವಾಗಿ ತೆಗೆದ ಪ್ರತಿ. ನಮ್ಮಲ್ಲಿ ಹಳೆಯ ಚಿತ್ರಕ್ಕೆ ಹಣ ಹಾಕುವವರು ಮುಂದೆ ಬಂದಾಗ ಆದದ್ದು ಬಣ್ಣ ಬಳಿಯುವ ಕೆಲಸ. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ದೊರೈ–ಭಗವಾನರದೇ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣದಲ್ಲಿ ಮತ್ತೆ ಬಿಡುಗಡೆಯಾದವು. ಜನ ಥಿಯೇಟರಿಗೆ ಬಂದರು, ಹೊಸ ತಲೆಮಾರು ರಾಜ್‌ಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ನೋಡಿತು, ಅದನ್ನು ಸಣ್ಣದೆನ್ನಲಾರೆ. ಆದರೆ ಬೆಳಕು ನೆರಳಿಗಾಗಿ ದೀಪ ಜೋಡಿಸಿದ ದೃಶ್ಯಕ್ಕೆ ಬಣ್ಣ ಬಂದರೆ ಛಾಯಾಗ್ರಾಹಕನ ಲೆಕ್ಕವೇ ತಪ್ಪುತ್ತದೆ. ಬಣ್ಣದ ಪ್ರತಿಯ ಜೊತೆಗೆ ಸ್ವಚ್ಛವಾದ ಕಪ್ಪುಬಿಳುಪಿನ ಪ್ರತಿಯೂ ಸಿಗಬೇಕಿತ್ತು.

ಈಗ ಹಳೆಯ ಕ್ಯಾಸೆಟ್, ವಿಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುವವರು ಊರೂರಲ್ಲಿ ಇದ್ದಾರೆ. ಅವರಲ್ಲಿ ನನ್ನದು ಎರಡು ಬೇಡಿಕೆ. ಫೈಲಿನ ಹೆಸರಿನಲ್ಲಿ ಅದು ಯಾವುದರಿಂದ ಇಳಿಸಿದ್ದು, ಯಾವ ವರ್ಷ ಎಂದು ಬರೆಯಿರಿ. ಮತ್ತು ಆರಂಭದ ಸೆನ್ಸಾರ್ ಪತ್ರ, ರೀಲಿನ ಕೊನೆಯ ಕೆರೆದ ಗುರುತು, ಹಾರಾಡುವ ಚುಕ್ಕೆ ಇವನ್ನು ಅಂದಗೆಡಿಸುತ್ತವೆಂದು ಅಳಿಸಬೇಡಿ. ಪ್ರಿಂಟ್ ಹುಡುಕಿಕೊಂಡು ಹೊರಡುವವರಿಗೆ ಬೇರೆ ವಿಳಾಸವಿಲ್ಲ.