ತಪ್ಪು ಹುಡುಕುವ ವಿದ್ಯೆಯ ಚರಿತ್ರೆ

‘ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ?’ ಎಂಬುದು ನಮ್ಮ ಹಿರಿಯರ ಮಾತು. ಆದರೆ ಎಡವಿದ ಮೇಲೆ ಯಾವ ಕಲ್ಲಿಗೆ ಎಡವಿದೆವು ಎಂದು ಹಿಂದಿರುಗಿ ನೋಡುವವರು ವಿರಳ. ಕಂಪ್ಯೂಟರ್ ಕ್ಷೇತ್ರದಲ್ಲಿ ಹೀಗೆ ಹಿಂದಿರುಗಿ ನೋಡುವುದೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಅದರ ಹೆಸರು ಡಿಬಗ್ಗಿಂಗ್. ಪ್ರೋಗ್ರಾಮಿನಲ್ಲಿ ಅಡಗಿರುವ ತಪ್ಪನ್ನು ಹುಡುಕಿ ತಿದ್ದುವುದೇ ಇದರ ಅರ್ಥ.

ನಾನು ಭಾಷಾ ಶಿಕ್ಷಕ. ಈ ವಿಷಯದತ್ತ ನನ್ನ ಗಮನ ಹರಿದದ್ದು ಒಂದು ಆಮಂತ್ರಣ ಪತ್ರಿಕೆಯಿಂದ. ಕೆಲವು ವರ್ಷಗಳ ಹಿಂದೆ ಶಾಲೆಯ ಕಾರ್ಯಕ್ರಮಕ್ಕಾಗಿ ಕನ್ನಡ ಮತ್ತು ಉರ್ದು ಎರಡರಲ್ಲೂ ಆಮಂತ್ರಣ ಅಚ್ಚು ಹಾಕಿಸಿದೆವು. ಕೈಗೆ ಬಂದಾಗ ನೋಡಿದರೆ, ಉರ್ದು ಅಕ್ಷರಗಳು ಒಂದರ ಕೈ ಒಂದು ಬಿಟ್ಟು ದೂರ ದೂರ ನಿಂತಿದ್ದವು, ಅದೂ ಎಡದಿಂದ ಬಲಕ್ಕೆ! ಕನ್ನಡದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ಕುಳಿತಿದ್ದವು. ಅಂಗಡಿಯ ಹುಡುಗ, “ಸಾರ್, ನಾನು ಟೈಪ್ ಮಾಡಿದ್ದು ಸರಿಯಾಗೇ ಇದೆ” ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. ಬರೆದದ್ದು ಸರಿ, ಯಂತ್ರ ಅದನ್ನು ಚಿತ್ರಿಸಿದ್ದು ತಪ್ಪು. ಹಾಗಾದರೆ ಸರಿಯಾದದ್ದು ತಪ್ಪಾದದ್ದು ಯಾವ ಹಂತದಲ್ಲಿ? ಈ ಒಂದು ಪ್ರಶ್ನೆಯ ಸುತ್ತಲೇ ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಸುತ್ತಿಕೊಂಡಿದೆ.

ಪತಂಗ ಮತ್ತು ದಿನಚರಿ

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಯಂತ್ರದ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ತಂತ್ರಜ್ಞರು ಅದನ್ನು ತೆಗೆದು, ವೇಳೆ ಸಹಿತ ದಿನಚರಿ ಪುಸ್ತಕದಲ್ಲಿ ಅಂಟಿಸಿ, ನಿಜವಾದ ‘ಬಗ್’ ಸಿಕ್ಕಿತೆಂದು ತಮಾಷೆಯಾಗಿ ಬರೆದಿಟ್ಟರು. ಈ ಘಟನೆಯಿಂದಲೇ ‘ಬಗ್’ ಎಂಬ ಪದ ಹುಟ್ಟಿತೆಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ಯಂತ್ರದ ದೋಷಕ್ಕೆ ಈ ಪದವನ್ನು ಬಳಸಿದ್ದರು. ಪತಂಗದ ಕಥೆಯನ್ನು ಜನಪ್ರಿಯಗೊಳಿಸಿದವರು ಅದೇ ತಂಡದಲ್ಲಿದ್ದ ಗಣಿತಜ್ಞೆ ಗ್ರೇಸ್ ಹಾಪರ್. ಇಲ್ಲಿ ಕೀಟಕ್ಕಿಂತ ದೊಡ್ಡದು ಆ ದಿನಚರಿ. ತಪ್ಪನ್ನು ಮುಚ್ಚಿಡದೆ ಅದರ ಸ್ಥಳ ಮತ್ತು ಸಮಯವನ್ನು ಬರೆದಿಟ್ಟರಲ್ಲ, ಈ ವಿದ್ಯೆಯ ಅಡಿಗಲ್ಲು ಅದೇ.

ಮೆಟ್ಟಿಲ ಮೇಲೆ ಹೊಳೆದ ಸತ್ಯ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಕಂಪ್ಯೂಟರ್ 1949ರ ಮೇ 6ರಂದು ಮೊದಲ ಬಾರಿಗೆ ಕೆಲಸ ಮಾಡಿತು. ಅದನ್ನು ನಿರ್ಮಿಸಿದ ಮಾರಿಸ್ ವಿಲ್ಕ್ಸ್ ಕೆಲವೇ ವಾರಗಳಲ್ಲಿ ಅದಕ್ಕಾಗಿ ಒಂದು ಗಂಭೀರ ಗಣಿತ ಪ್ರೋಗ್ರಾಮ್ ಬರೆದರು. ಆದರೆ ಅದು ಸರಿಯಾಗಿ ನಡೆಯಲಿಲ್ಲ. ಯಂತ್ರದ ಕೋಣೆಗೂ ಟೇಪು ರಂಧ್ರಿಸುವ ಕೋಣೆಗೂ ಓಡಾಡುತ್ತಿದ್ದಾಗ, ಮೆಟ್ಟಿಲ ಬಳಿ ಅವರಿಗೆ ಒಂದು ಸತ್ಯ ಹೊಳೆಯಿತಂತೆ. ತಮ್ಮ ಉಳಿದ ಆಯುಷ್ಯದ ಬಹುಭಾಗ ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂಬುದೇ ಆ ಸತ್ಯ. 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಇದನ್ನು ನೆನೆದಿದ್ದಾರೆ. ಆ ಪ್ರೋಗ್ರಾಮಿನ ಕಾಗದದ ಟೇಪು ಮುಂದೆ ಸಿಕ್ಕಿತು. ಅದರಲ್ಲಿದ್ದ ಸಾಲುಗಳು 126, ತಪ್ಪುಗಳು ಸುಮಾರು 20! ಕಂಪ್ಯೂಟರನ್ನೇ ಕಟ್ಟಿದ ಪಂಡಿತರ ಉತ್ತರಪತ್ರಿಕೆ ಇದು. ಗಣಿತದಲ್ಲಿ ಕಡಿಮೆ ಅಂಕ ಬಂತೆಂದು ಅಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ವಿಲ್ಕ್ಸ್ ಅವರ ಸಹೋದ್ಯೋಗಿ ಸ್ಟಾನ್ಲಿ ಗಿಲ್ 1951ರಲ್ಲಿ ಪ್ರೋಗ್ರಾಮಿನ ತಪ್ಪುಗಳ ರೋಗನಿದಾನದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಆ ಕಾಲದಲ್ಲಿ ಎರಡು ಮಾರ್ಗಗಳು ರೂಪುಗೊಂಡವು. ಒಂದು, ಪ್ರೋಗ್ರಾಮ್ ನಿಂತುಹೋದ ಮೇಲೆ ನೆನಪಿನ ಕೋಶಗಳಲ್ಲಿ ಉಳಿದುದನ್ನು ಅಚ್ಚು ಮಾಡಿ ಪರೀಕ್ಷಿಸುವುದು. ಇದಕ್ಕೆ ಮರಣೋತ್ತರ ಪರೀಕ್ಷೆ ಎಂದೇ ಹೆಸರು. ಇನ್ನೊಂದು, ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಅದರ ಹೆಜ್ಜೆ ಹೆಜ್ಜೆಯನ್ನೂ ದಾಖಲಿಸುತ್ತ ಹೋಗುವುದು. ಇಂದಿನ ಉಪಕರಣಗಳೆಲ್ಲ ಈ ಎರಡು ಮಾರ್ಗಗಳ ಸಂತಾನವೇ.

ಫ್ಲಿಟ್ ಮತ್ತು ಡಿಡಿಟಿ

ನಮ್ಮ ಅಜ್ಜಂದಿರ ಕಾಲದ ಮನೆಗಳಲ್ಲಿ ಸೊಳ್ಳೆಗೆ ಫ್ಲಿಟ್ ಪಂಪು ಇರುತ್ತಿತ್ತು. ಮಲೇರಿಯಾ ಇಲಾಖೆಯವರು ಗೋಡೆಗೆ ಡಿಡಿಟಿ ಹೊಡೆದು ಹೋಗುತ್ತಿದ್ದರು. ಅಮೆರಿಕದ ಎಂಐಟಿ ಸಂಸ್ಥೆಯ ತರುಣರಿಗೂ ಈ ಹೆಸರುಗಳು ಇಷ್ಟವಾದವು. ಟಿಎಕ್ಸ್-0 ಕಂಪ್ಯೂಟರಿನಲ್ಲಿ ತಪ್ಪು ಹುಡುಕಲು ಮಾಡಿದ ಸಾಧನಕ್ಕೆ ‘ಫ್ಲಿಟ್’ ಎಂದೂ, ಅದರ ಮುಂದಿನ ಪೀಳಿಗೆಯಾಗಿ 1961ರ ವೇಳೆಗೆ ಪಿಡಿಪಿ-1 ಯಂತ್ರಕ್ಕೆ ಮಾಡಿದ್ದಕ್ಕೆ ‘ಡಿಡಿಟಿ’ ಎಂದೂ ಹೆಸರಿಟ್ಟರು. ಹೆಸರು ತಮಾಷೆಯದ್ದಾದರೂ ಕೆಲಸ ಹೊಸದು. ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ, ಒಳಗೆ ಏನಿದೆ ಎಂದು ಕೇಳಿ ನೋಡಿ, ತಿದ್ದಿ, ಮುಂದೆ ನಡೆಸಬಹುದಾಯಿತು. ಸತ್ತ ಮೇಲಿನ ಪರೀಕ್ಷೆಯ ಜೊತೆಗೆ ಜೀವಂತ ರೋಗಿಯ ನಾಡಿ ಹಿಡಿಯುವ ಪದ್ಧತಿ ಬಂದಂತಾಯಿತು.

ಇದು ಕೇವಲ ಹವ್ಯಾಸಿಗಳ ಆಟವಲ್ಲ. 1985ರಿಂದ 1987ರ ನಡುವೆ ಉತ್ತರ ಅಮೆರಿಕದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ಮಂದಿ ರೋಗಿಗಳಿಗೆ ಅಪಾರ ಪ್ರಮಾಣದ ವಿಕಿರಣ ನೀಡಿತು. ಕೆಲವರು ಪ್ರಾಣ ಕಳೆದುಕೊಂಡರು. ಮೊದಲು ಪರೀಕ್ಷಿಸಿದ ತಜ್ಞರಿಗೆ ದೋಷ ಕಾಣಲೇ ಇಲ್ಲ. ಟೆಕ್ಸಾಸ್ ರಾಜ್ಯದ ಟೈಲರ್ ಪಟ್ಟಣದ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುವಾಕೆ ಇಬ್ಬರೂ ಕುಳಿತು, ಅಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿ ನೋಡಿದರು. ನಮೂದಿಸಿದ ವಿವರವನ್ನು ಬಹಳ ಬೇಗ ತಿದ್ದಿದಾಗ ಮಾತ್ರ ತಪ್ಪು ಮರುಕಳಿಸುತ್ತದೆಂದು ಆಗ ತಿಳಿಯಿತು. ನಿಧಾನವಾಗಿ ಪರೀಕ್ಷಿಸಿದವರಿಗೆ ಅದು ಸಿಕ್ಕಿರಲಿಲ್ಲ. ಕರೆದಾಗ ಬರುವ ತಪ್ಪನ್ನು ಮಾತ್ರ ಹಿಡಿಯಲು ಸಾಧ್ಯ. ಇದು ಈ ವಿದ್ಯೆಯ ಮೊದಲ ಸೂತ್ರ.

ಚಿತ್ರದ ಕಷ್ಟವೇ ಬೇರೆ

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಪ್ರೋಗ್ರಾಮರನ ಕಷ್ಟ ಇನ್ನೂ ವಿಚಿತ್ರವಾದುದು. 1963ರಲ್ಲಿ ಐವನ್ ಸದರ್ಲೆಂಡ್ ‘ಸ್ಕೆಚ್‌ಪ್ಯಾಡ್’ ಮೂಲಕ ಪರದೆಯ ಮೇಲೆ ಗೆರೆ ಎಳೆದು ತೋರಿಸಿದಾಗ ಲೆಕ್ಕ ಸಣ್ಣದಿತ್ತು. ಈಗಿನ ಸಾಮಾನ್ಯ ಪರದೆಯಲ್ಲಿ 1920ಕ್ಕೆ 1080, ಅಂದರೆ 20 ಲಕ್ಷಕ್ಕೂ ಹೆಚ್ಚು ಬಿಂದುಗಳು. ಸೆಕೆಂಡಿಗೆ 60 ಚಿತ್ರಗಳಾದರೆ 12 ಕೋಟಿಗೂ ಹೆಚ್ಚು ಬಿಂದುಗಳ ಬಣ್ಣ ನಿರ್ಧಾರವಾಗಬೇಕು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಸಾವಿರಾರು ಲೆಕ್ಕಗಳು ಏಕಕಾಲಕ್ಕೆ ನಡೆಯುತ್ತವೆ. ಯಾರನ್ನು ನಿಲ್ಲಿಸಿ ವಿಚಾರಿಸುವುದು? ಅನೇಕ ವೇಳೆ ತಪ್ಪಾದಾಗ ಯಾವ ದೂರೂ ಕೇಳಿಬರುವುದಿಲ್ಲ, ಪರದೆ ಸುಮ್ಮನೆ ಕಪ್ಪಾಗುತ್ತದೆ. ಒಂದೇ ಬಿಂದುವಿನಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಅರ್ಥವಿಲ್ಲದ ಉತ್ತರ ಬಂದರೆ, ಚಿತ್ರವನ್ನು ಮಸುಕುಗೊಳಿಸುವ ಹಂತದಲ್ಲಿ ಅದು ಅಕ್ಕಪಕ್ಕಕ್ಕೆ ಹರಡಿ ದೊಡ್ಡ ಕಪ್ಪು ಚೌಕವಾಗುತ್ತದೆ. ಒಂದು ಹನಿ ಹುಳಿ ಕೊಡ ಹಾಲನ್ನು ಕೆಡಿಸಿದ ಹಾಗೆ!

ಆದ್ದರಿಂದ ಈ ಪ್ರೋಗ್ರಾಮರುಗಳು ಬಣ್ಣವನ್ನೇ ಭಾಷೆಯಾಗಿಸಿಕೊಂಡರು. ಅನುಮಾನವಿರುವ ಅಂಕಿಯನ್ನು ಬಣ್ಣವಾಗಿ ಪರದೆಗೆ ತರುತ್ತಾರೆ. ಮೇಲ್ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಕೆಂಪು, ಹಸಿರು, ನೀಲಿಯಾಗಿ ತೋರಿಸಿ, ಎಲ್ಲಿ ಬಣ್ಣ ಹೊಂದುವುದಿಲ್ಲವೋ ಅಲ್ಲಿ ಹುಡುಕುತ್ತಾರೆ.

ಮುಂದೆ ಉತ್ತಮ ಉಪಕರಣಗಳು ಬಂದವು. ಮೈಕ್ರೋಸಾಫ್ಟ್ ಸಂಸ್ಥೆ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ‘ಪಿಕ್ಸ್’ ಎಂಬುದನ್ನು ರೂಪಿಸಿತು. ಕ್ರೈಟೆಕ್ ಎಂಬ ಆಟದ ಸಂಸ್ಥೆಯಲ್ಲಿದ್ದ ಬಾಲ್ದುರ್ ಕಾರ್ಲ್‌ಸನ್ ‘ರೆಂಡರ್‌ಡಾಕ್’ ಬರೆದರು. 2014ರಲ್ಲಿ ಅದು ಮುಕ್ತ ಪರವಾನಗಿಯಡಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಆಟದ ಒಂದೇ ಒಂದು ಚಿತ್ರಕ್ಕೆ ಬೇಕಾದ ಆಜ್ಞೆಗಳನ್ನೆಲ್ಲ ಅದು ಹಿಡಿದಿಡುತ್ತದೆ. ಆಮೇಲೆ ಒಂದೊಂದಾಗಿ ಮರಳಿ ನಡೆಸಿ ನೋಡಬಹುದು. ಮೊದಲು ನೆಲ, ಆಮೇಲೆ ಗೋಡೆ, ಅದರ ಮೇಲೆ ನೆರಳು, ಹೀಗೆ ಚಿತ್ರ ಕಟ್ಟಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಬೇಕಾದ ಬಿಂದುವನ್ನು ಆರಿಸಿದರೆ, ಅದರ ಮೇಲೆ ಯಾರು ಯಾರು ಬಣ್ಣ ಬಳಿದರು, ಯಾವುದು ಉಳಿಯಿತು, ಯಾವುದು ಏಕೆ ತಿರಸ್ಕೃತವಾಯಿತು ಎಂಬುದೆಲ್ಲ ತಿಳಿಯುತ್ತದೆ. ಈ ಸೌಲಭ್ಯದ ಹೆಸರೇ ‘ಪಿಕ್ಸೆಲ್ ಹಿಸ್ಟರಿ’. ಒಂದು ಚುಕ್ಕೆಗೂ ಚರಿತ್ರೆ ಇದೆ, ಆ ಚರಿತ್ರೆ ಓದಿದರೆ ಮಾತ್ರ ಅದರ ದೋಷ ತಿಳಿಯುತ್ತದೆ ಎಂಬುದು ಎಷ್ಟು ಅರ್ಥಪೂರ್ಣ!

ಅಕ್ಷರಕ್ಕೂ ಅದೇ ಮದ್ದು

ನಮ್ಮ ಆಮಂತ್ರಣ ಪತ್ರಿಕೆಯ ರೋಗಕ್ಕೂ ಮದ್ದು ಇದೇ. ಉರ್ದುವಿನ ಒಂದು ಅಕ್ಷರ ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಸರಿಯಾದ ರೂಪವನ್ನು ಆರಿಸಿ ಜೋಡಿಸುವ ಹಂತವೇ ಅಲ್ಲಿ ನಡೆದಿರಲಿಲ್ಲ. ಈ ಕೆಲಸ ಮಾಡುವ ಮುಕ್ತ ತಂತ್ರಾಂಶವೊಂದರ ಹೆಸರು ‘ಹಾರ್ಫ್‌ಬಜ್’. ಪಾರ್ಸಿ ಭಾಷೆಯ ‘ಹರ್ಫ್’ ಮತ್ತು ‘ಬಾಜ್’ ಪದಗಳಿಂದ ಬಂದದ್ದು. ಅಕ್ಷರ, ತೆರೆದ ಎಂದು ಅರ್ಥ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುವುದು ಇದರಿಂದಲೇ. ಯಾವ ಅಕ್ಷರಕ್ಕೆ ಯಾವ ರೂಪ ಆರಿಸಲಾಯಿತು, ಅದನ್ನು ಎಲ್ಲಿ ಇಡಲಾಯಿತು ಎಂದು ಪಟ್ಟಿ ಮಾಡಿ ತೋರಿಸುವ ಪುಟ್ಟ ಸಾಧನವೂ ಅದರೊಂದಿಗೆ ಇದೆ. ದೋಷ ಟೈಪ್ ಮಾಡಿದವನದೋ, ಫಾಂಟಿನದೋ, ಜೋಡಣೆಯದೋ ಎಂದು ಜಗಳವಾಡಬೇಕಿಲ್ಲ, ತೆರೆದು ನೋಡಬಹುದು.

ವಿದ್ಯಾರ್ಥಿ ಮಿತ್ರರೇ, ತರಗತಿಯಲ್ಲಿ ನಾನು ಪ್ರತಿದಿನ ಒಂದು ದೃಶ್ಯ ಕಾಣುತ್ತೇನೆ. ಉತ್ತರ ತಪ್ಪೆಂದು ತಿಳಿದೊಡನೆ ಹುಡುಗ ರಬ್ಬರ್ ಹಿಡಿದು ಇಡೀ ಸಾಲನ್ನು ಉಜ್ಜಿಬಿಡುತ್ತಾನೆ. ನಾನು ಹತ್ತಿರ ಹೋಗುವ ವೇಳೆಗೆ ಪುಟ ಶುಭ್ರವಾಗಿರುತ್ತದೆ. ಎಲ್ಲಿ ತಪ್ಪಿತೆಂದು ಅವನಿಗೂ ತಿಳಿಯದು, ನನಗೂ ತಿಳಿಯದು. ನಾಳೆ ಅದೇ ತಪ್ಪು ಮರಳಿ ಬರುತ್ತದೆ. ನಿಜ ಹೇಳಬೇಕೆಂದರೆ ಅವನ ಕೈಗೆ ರಬ್ಬರ್ ಕೊಟ್ಟವರು ನಾವೇ. ತಪ್ಪಿಗೆ ಕೆಂಪು ಶಾಯಿಯ ಗೀಟು ಎಳೆದು, ನಾಲ್ಕು ಜನರ ಮುಂದೆ ಗದರಿಸಿ, ಅಡಗಿಸುವುದನ್ನು ಕಲಿಸಿದ್ದೇವೆ. ಹಾರ್ವರ್ಡಿನ ತಂತ್ರಜ್ಞರು ಪತಂಗವನ್ನು ಕಸದ ಬುಟ್ಟಿಗೆ ಎಸೆದಿದ್ದರೆ ಇಂದು ವಾಷಿಂಗ್ಟನ್‌ನ ವಸ್ತುಸಂಗ್ರಹಾಲಯದಲ್ಲಿ ಆ ಪುಟ ಇರುತ್ತಿರಲಿಲ್ಲ.

ಈ ವರ್ಷದಿಂದ ನನ್ನ ತರಗತಿಯಲ್ಲಿ ರಬ್ಬರ್ ಬಳಸುವಂತಿಲ್ಲ. ತಪ್ಪಿದ ಸಾಲಿಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯಬೇಕು. ಮೊದಲ ವಾರ ಮಕ್ಕಳು ಹಿಂಜರಿದರು. ಈಗ ಕೆಲವರು ತಾವೇ ಪುಸ್ತಕ ತೆರೆದು ತೋರಿಸಿ, “ಸಾರ್, ಇಲ್ಲಿ ಎಡವಿದ್ದೆ” ಎನ್ನುತ್ತಾರೆ. ಆ ಮಾತು ಕೇಳಿದ ದಿನ ಪಾಠ ಮಾಡಿದ್ದು ಸಾರ್ಥಕವೆನಿಸುತ್ತದೆ.