ಅಟ್ಟದಿಂದ ಇಳಿದ ಲಿವರ್ ರೈಫಲ್: ಅಸಲಿ ಎಷ್ಟು, ಬದಲಾಯಿಸಿದ್ದು ಎಷ್ಟು?

ಯಲಹಂಕ, ಹೆಬ್ಬಾಳದ ಕಡೆ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಅಟ್ಟದಿಂದ ಹಿತ್ತಾಳೆ ಹಂಡೆ, ಒನಕೆಗಳ ಜೊತೆ ಅಜ್ಜನ ಕಾಲದ ಕೋವಿಯೂ ಇಳಿಯುವುದುಂಟು. ಟ್ರಿಗರ್ ಹಿಂದಿನ ಕಬ್ಬಿಣದ ಹಿಡಿಯನ್ನು ಕೆಳಗೆ ಎಳೆದರೆ ಬಾಯಿ ತೆರೆಯುವ ರೈಫಲ್ ಆಗಿದ್ದರಂತೂ ಮನೆಯಲ್ಲಿ ಎರಡು ಮಾತು ಶುರು. 'ಲಕ್ಷಗಟ್ಟಲೆ ಬಾಳುತ್ತೆ' ಅಂತಾರೆ ಒಬ್ಬರು. 'ನೂರು ವರ್ಷದ್ದು, ಲೈಸೆನ್ಸ್ ಏನೂ ಬೇಡ' ಅಂತಾರೆ ಇನ್ನೊಬ್ಬರು. ಎರಡನ್ನೂ ನಂಬುವ ಮೊದಲು ನೋಡಬೇಕಾದ್ದು ಒಂದಿದೆ: ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದದ್ದರಲ್ಲಿ ಈಗ ಎಷ್ಟು ಉಳಿದಿದೆ?

ಮುಟ್ಟುವ ಮುನ್ನ ಅದರೊಳಗೆ ತೋಟಾ ಇದೆ ಎಂದೇ ಭಾವಿಸಿ. ನಳಿಗೆ ಯಾರ ಕಡೆಗೂ ತಿರುಗಿರಬಾರದು.

ಇಂಥವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ. ಒಮ್ಮೆಗೆ ಒಂದೇ ಗುಂಡು. ಇನ್ನೊಂದು ಅಮೆರಿಕದ ವಿಂಚೆಸ್ಟರ್. ನಳಿಗೆಯ ಕೆಳಗೆ ಕೊಳವೆ, ಅದರಲ್ಲಿ ಸಾಲಾಗಿ ತೋಟಾ. ಲಿವರ್ ಎಳೆದಾಗಲೆಲ್ಲ ಹೊಸದೊಂದು ಬಾಯಿಗೆ ಬರುತ್ತದೆ. 'ಲಿವರ್ ಆ್ಯಕ್ಷನ್' ಅಂದರೆ ಜಗತ್ತು ಸಾಮಾನ್ಯವಾಗಿ ಹೇಳುವುದು ಈ ಎರಡನೆಯದನ್ನೇ.

ಮಾರ್ಟಿನಿಯ ಬಲಮಗ್ಗುಲಲ್ಲಿ ಕಿರೀಟದ ಮುದ್ರೆ, ವಿಕ್ಟೋರಿಯಾ ರಾಣಿಯ ವಿ.ಆರ್. ಅಕ್ಷರ, ಕಾರ್ಖಾನೆಯ ಹೆಸರು, ಇಸವಿ, ಮಾರ್ಕ್ ಸಂಖ್ಯೆ ಇರುತ್ತವೆ. ಎಡಮಗ್ಗುಲಲ್ಲೂ ಬೇರೊಂದು ಇಸವಿ ಕಂಡರೆ ನಕಲಿ ಅಂತ ಎಸೆಯಬೇಡಿ. .303 ತೋಟಾ ಬಂದ ಮೇಲೆ, 1895ರಿಂದಾಚೆ, ಸೇನೆಯೇ ಹಳೇ ಮಾರ್ಟಿನಿಗಳಿಗೆ ಹೊಸ ನಳಿಗೆ ಕೂರಿಸಿ ಮಾರ್ಟಿನಿ-ಎನ್‌ಫೀಲ್ಡ್ ಮಾಡಿತು. ಆ ಕೆಲಸದ ಗುರುತು ಎಡಕ್ಕೆ ಬಿದ್ದಿರುತ್ತದೆ. ಇದು ಬದಲಾಯಿಸಿದ್ದೇ, ಆದರೂ ಅಸಲಿ. ಸಂಗ್ರಾಹಕರ ಕಣ್ಣಲ್ಲಿ ಅದಕ್ಕೂ ಅದರದೇ ಬೆಲೆ ಇದೆ.

ಅನುಮಾನ ಬರಬೇಕಾದ್ದು ಬೇರೆ ಕಡೆ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ವಿ.ಆರ್. ಪಕ್ಕದಲ್ಲೇ 1907 ಅಂತ ಇದ್ದರೆ ಅದು ವಾಯವ್ಯ ಗಡಿಯ ಖೈಬರ್ ಕಡೆ ಕೈಯಲ್ಲಿ ಮಾಡಿದ ನಕಲು ಎನ್ನಲು ಹೆಚ್ಚು ಯೋಚಿಸಬೇಕಿಲ್ಲ. ಇಂಗ್ಲಿಷ್ ಓದಲು ಬಾರದ ಕಮ್ಮಾರರು ಎನ್ ಅಕ್ಷರವನ್ನು ಉಲ್ಟಾ ಕೊರೆದಿರುವುದೂ ಇದೆ. ದೇವನಾಗರಿ ಅಂಕಿ ಇದ್ದರೆ ಅದು ನೇಪಾಳದ ಗಹೇಂದ್ರ ರೈಫಲ್ ಇರಬಹುದು. ಮೇಲ್ನೋಟಕ್ಕೆ ಮಾರ್ಟಿನಿಯಂತೆಯೇ, ಒಳಗಿನ ಯಂತ್ರ ಬೇರೆ.

ವಿಂಚೆಸ್ಟರ್‌ನಲ್ಲಿ ಮೊದಲು ನಂಬರ್ ಹುಡುಕಿ. 1873ರ ಮಾದರಿಯಲ್ಲಿ ಅದು ಲಿವರ್ ಹಿಂದೆ, ಹಿಡಿಕೆಯ ಅಡಿಗೆ ಚಾಚಿದ ಲೋಹದ ಪಟ್ಟಿಯ ಮೇಲಿರುತ್ತದೆ; 1892ರದರಲ್ಲಿ ಉಕ್ಕಿನ ಪೆಟ್ಟಿಗೆಯ ತಳದಲ್ಲಿ. 1873ರ ಮಾದರಿಯೊಂದೇ ಏಳು ಲಕ್ಷಕ್ಕೂ ಹೆಚ್ಚು ತಯಾರಾಗಿದೆ, ಹಾಗಾಗಿ ಹೆಸರು ನೋಡಿಯೇ 'ಅಪರೂಪ' ಅನ್ನುವುದು ಬೇಡ. ಸಾಮಾನ್ಯವಾಗಿ ರೈಫಲ್‌ಗೆ 24 ಇಂಚಿನ ನಳಿಗೆ, ಕಾರ್ಬೈನ್‌ಗೆ 20. ನಿಮ್ಮದು 21 ಇಂಚು ಬಂದರೆ ಯಾರೋ ಕತ್ತರಿಸಿರಬಹುದು. ಮುಂದಿನ ಗುರಿಮಣಿ ತುದಿಗೆ ತೀರಾ ಅಂಟಿಕೊಂಡಿದೆಯಾ, ಬಾಯಂಚು ಒರಟಾಗಿದೆಯಾ ನೋಡಿ. ನಳಿಗೆಯ ಮೇಲೆ ಅಂಡಾಕಾರದೊಳಗೆ ಡಬ್ಲ್ಯು-ಪಿ ಮುದ್ರೆ ಇದ್ದು, ನಂಬರ್ ಮಾತ್ರ 1880ರ ದಶಕದ್ದಾಗಿದ್ದರೆ ನಳಿಗೆ ಬದಲಾಗಿದೆ ಎಂದೇ ಅರ್ಥ. ಆ ಮುದ್ರೆ ಶುರುವಾದದ್ದು 1905ರ ಸುಮಾರಿಗೆ.

ಹಲವು ನಂಬರ್‌ಗಳ ಕಾರ್ಖಾನೆ ದಾಖಲೆ ಅಮೆರಿಕದ ವಯೋಮಿಂಗ್‌ನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿದೆ. ನಳಿಗೆ ಗುಂಡಗಿತ್ತೋ ಎಂಟು ಮೂಲೆಯದೋ, ಯಾವಾಗ ಕಾರ್ಖಾನೆ ಬಿಟ್ಟಿತು ಎಂದೆಲ್ಲ ಶುಲ್ಕ ಪಡೆದು ಪತ್ರ ಕೊಡುತ್ತಾರೆ. ಮನೆಯವರ ನೆನಪಿಗಿಂತ ಆ ಪತ್ರ ವಾಸಿ.

ನಂಬರಿಗಿಂತ ಹೆಚ್ಚು ಮಾತಾಡುವುದು ಮೇಲ್ಮೈ. ಕಪ್ಪು ನೀಲಿ ಬಣ್ಣ ಹೊಳೆಯುತ್ತಿದೆ, ಆದರೆ ಅದರಡಿ ತುಕ್ಕು ತಿಂದ ಗುಳಿ ಕಾಣುತ್ತಿವೆ ಅಂದರೆ ಬಣ್ಣ ಆಮೇಲಿನದು. ಮರ ಲೋಹಕ್ಕಿಂತ ತಗ್ಗಿದ್ದರೆ ಉಪ್ಪುಕಾಗದ ಉಜ್ಜಿದ್ದಾರೆ. ಸ್ಕ್ರೂ ತಲೆಯ ಸೀಳು ಕಿತ್ತುಹೋಗಿದ್ದರೆ ಒಳಗೆ ಕೈ ಆಡಿಸಿದ್ದಾರೆ. ನಳಿಗೆಯೊಳಗಿನ ಸುರುಳಿ ಗೆರೆ ಮಾಯವಾಗಿದ್ದರೆ, ಹಳೇ ತೋಟಾ ಸಿಗದೆ ಹೋದಾಗ ಕೊರೆದು ಚರೆ ಹಾರಿಸುವಂತೆ ಮಾಡಿಕೊಂಡಿರಬಹುದು. ಇದೆಲ್ಲ ನೋಡಿದ ಮೇಲೆ 'ಸ್ವಲ್ಪ ಪಾಲಿಶ್ ಮಾಡಿಸೋಣ' ಅಂತ ಯಶವಂತಪುರದ ಲೇತ್ ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ಬೆಲೆ ಅರ್ಧ ಹೋಗುವುದು ಅಲ್ಲೇ, ಕೇಸ್ ಆಗುವುದೂ ಅಲ್ಲೇ.

ಯಾಕಂದರೆ 1959ರ ಆಯುಧ ಕಾಯ್ದೆಯಲ್ಲಿ ಬಂದೂಕಿನ ರಿಪೇರಿ, ಮಾರ್ಪಾಟು ವೃತ್ತಿಗೇ ಲೈಸೆನ್ಸ್ ಬೇಕು. ಪರವಾನಗಿ ಇಲ್ಲದೆ ನಳಿಗೆ ಕತ್ತರಿಸುವುದಕ್ಕೆ 6ನೇ ಸೆಕ್ಷನ್, ನಂಬರ್ ಅಳಿಸುವುದಕ್ಕೆ, ತಿದ್ದುವುದಕ್ಕೆ 8ನೇ ಸೆಕ್ಷನ್ ಅಡ್ಡ ಬರುತ್ತವೆ. ಕೊಡಗಿನ ಮನೆತನದವರಿಗೆ 2029ರವರೆಗೆ ಇರುವ ವಿನಾಯಿತಿ 3 ಮತ್ತು 4ನೇ ಸೆಕ್ಷನ್‌ಗಳಿಗೆ, ಅಂದರೆ ಲೈಸೆನ್ಸಿಗೆ. ನಂಬರ್ ತಿದ್ದುವುದಕ್ಕೆ ಅಲ್ಲ.

'ಹಳೇದು, ಲೈಸೆನ್ಸ್ ಬೇಡ' ಎಂಬ ಮಾತೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 45ನೇ ಸೆಕ್ಷನ್ ಬಿಡುವುದು ರಿಪೇರಿ ಮಾಡಿದರೂ ಗುಂಡು ಹಾರದ ಪುರಾತನ ಆಯುಧವನ್ನು. 2020ರ ತಿದ್ದುಪಡಿಯಲ್ಲಿ ಕ್ಯೂರಿಯೊ ವರ್ಗದ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದಾಯಿತು; ಬಳಸಲು, ಒಯ್ಯಲು, ಸಾಗಿಸಲು ಬೇಕೇ ಬೇಕು. ನಳಿಗೆ ಹೊಸದು, ಯಂತ್ರ ಹೊಸದು ಆದ ಮೇಲೆ ಅದನ್ನು ಪುರಾತನ ಅಂತ ವಾದಿಸುವುದು ಕಷ್ಟ. ಆದ್ದರಿಂದ ಕೋವಿ ಇದ್ದಲ್ಲೇ ಇರಲಿ. ಮುದ್ರೆ, ನಂಬರ್, ಎರಡೂ ಮಗ್ಗುಲಿನ ಫೋಟೊ ತೆಗೆದು, ಹಳೇ ಲೈಸೆನ್ಸ್ ಪುಸ್ತಕ ಇದ್ದರೆ ಅದನ್ನೂ ಹಿಡಿದು ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ. ನಗರದಲ್ಲಿ ಲೈಸೆನ್ಸ್ ವಿಚಾರ ಪೊಲೀಸ್ ಕಮಿಷನರ್ ಕಚೇರಿಯದು.

ವಿದೇಶದಲ್ಲಿರುವ ಮಗನಿಗೆ ನೆನಪಿಗೆ ಕಳಿಸೋಣ ಅನ್ನುವವರು ಇನ್ನೊಂದನ್ನು ಗಮನಿಸಬೇಕು. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯಡಿ ಪ್ರಾಚ್ಯವಸ್ತು ಎನಿಸಬಹುದು, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.