ಮುಂಬ್ರಾದ ಕಲ್ಲಿಗೆ ಕಿವಿಗೊಟ್ಟವನು

ಠಾಣೆಯಲ್ಲಿ ಸ್ಲೋ ಲೋಕಲ್ ಹತ್ತಿದರೆ ಕಳವಾ ಆದ ಮೇಲೆ ಮುಂಬ್ರಾ. ಸ್ಟೇಶನ್ನಿನಲ್ಲಿ ಇಳಿದು ತಲೆಯೆತ್ತಿದರೆ ಗುಡ್ಡದ ಮೇಲೆ ದೇವಿಯ ಗುಡಿ, ಅದರ ಆಚೀಚೆ ಕರಿಗಲ್ಲಿನ ಕಡಿದಾದ ಗೋಡೆಗಳು. 1984ರ ಡಿಸೆಂಬರಿನ ಒಂದು ಭಾನುವಾರ ಆ ಗೋಡೆಯೊಂದರ ಮೇಲೆ ಆಳೆತ್ತರಕ್ಕೆ ಏರಿ, ಬಲಗೈಗೆ ಸಿಕ್ಕ ಕಲ್ಲಿನ ಅಂಚನ್ನು ಹಿಡಿಯಲು ಹೊರಟಿದ್ದೆ. ಪಕ್ಕದಿಂದ ಕನ್ನಡದಲ್ಲಿ ಒಂದು ಕೂಗು ಬಂತು: "ಅದನ್ನ ಹಿಡಿಬ್ಯಾಡ್ರಿ, ಪೊಳ್ಳದ!"

ಕೈ ಹಿಂದಕ್ಕೆ ತೆಗೆದೆ. ಆ ಹುಡುಗ ಅಡ್ಡಡ್ಡಲಾಗಿ ಸರಿದು ಬಂದು, ಬೆರಳ ಗೆಣ್ಣಿನಿಂದ ಆ ಅಂಚನ್ನು ಬಡಿದ. ಖಾಲಿ ಡಬ್ಬಿ ತಟ್ಟಿದ ಹಾಗೆ ಸದ್ದಾಯಿತು. ಒಂದು ಮೊಳ ಎಡಕ್ಕೆ ಬಡಿದ. ಅಲ್ಲಿ ಸದ್ದೇ ಬೇರೆ: ಗಟ್ಟಿ, ಚಿಕ್ಕದು, ಹುಟ್ಟಿದಲ್ಲೇ ಮುಗಿಯುವಂಥದ್ದು. "ಇಲ್ಲಿ ಹಿಡೀರಿ" ಅಂದ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ "ರೀ" ಹೋಗಿ "ಲೇ ದೋಸ್ತ" ಆಗಿತ್ತು. ಆಮೇಲಿನ ಸುಮಾರು ನಲವತ್ತು ವರ್ಷ ಅದೇ ಉಳಿಯಿತು.

ಮುಂಬಯಿಯ ಕಡೆಯವರು ಕಲ್ಲು ಹತ್ತುವುದನ್ನು ಕಲಿಯಲು ಮುಂಬ್ರಾಕ್ಕೇ ಏಕೆ ಬಂದರು ಎಂದು ಹೊಸಬರು ಕೇಳುತ್ತಾರೆ. ಸಹ್ಯಾದ್ರಿಯಲ್ಲಿ ಇದಕ್ಕಿಂತ ಎತ್ತರದ, ಚೆಂದದ ಬಂಡೆಗಳಿಗೆ ಬರವಿಲ್ಲ. ಉತ್ತರ ರೈಲು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಬಂದ ಗಾಡಿ ಮರುವರ್ಷವೇ ಖಾಡಿಯ ದಂಡೆ ಹಿಡಿದು ಕಲ್ಯಾಣಕ್ಕೆ ಹೋಯಿತು. 1916ರಲ್ಲಿ ಪಾರ್ಸಿಕ್ ಸುರಂಗ ತೆರೆದ ಮೇಲೆ ವೇಗದ ಗಾಡಿಗಳು ಗುಡ್ಡದ ಹೊಟ್ಟೆಯೊಳಗಿಂದಲೇ ಓಡತೊಡಗಿದವು. ನಿಧಾನದ ಗಾಡಿ ಮಾತ್ರ ಸುತ್ತುಬಳಸಿ, ಬಂಡೆಯ ಬುಡದಲ್ಲೇ ಜನರನ್ನು ಇಳಿಸುತ್ತ ಬಂತು. ವಾರಕ್ಕೊಂದೇ ರಜೆಯಿರುವ ಗುಮಾಸ್ತ, ಗಿರಣಿ ಕಾರ್ಮಿಕ, ಕಾಲೇಜು ಹುಡುಗ ಲೋಕಲ್ ಟಿಕೆಟ್ಟಿನಲ್ಲಿ ಬಂದು ಸಂಜೆಯೊಳಗೆ ಮನೆ ಸೇರಬಹುದಾದ ಬಂಡೆ ಅದು.

ಮನುಷ್ಯ ಮೊದಲ ಸಲ ಎವರೆಸ್ಟ್ ಏರಿದ್ದು 1953ರ ಮೇ ತಿಂಗಳಲ್ಲಿ. ಮರುವರ್ಷ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣದ ಶಾಲೆ ತೆರೆಯಿತು, ಅದೇ 1954ರಲ್ಲಿ ಮುಂಬಯಿಯಲ್ಲಿ ಗಿರಿವಿಹಾರ ಎಂಬ ಆರೋಹಿಗಳ ಸಂಸ್ಥೆ ಹುಟ್ಟಿತು. ಅಲ್ಲಿಂದ ಮುಂದೆ ಚಳಿಗಾಲದ ಶಿಬಿರಗಳಲ್ಲಿ ಎಷ್ಟು ತಲೆಮಾರಿನ ಹುಡುಗರು ಈ ಗುಡ್ಡದಲ್ಲಿ ಮೊದಲ ಸಲ ಹಗ್ಗಕ್ಕೆ ಗಂಟು ಹಾಕಿದರೋ. ಮಳೆಗಾಲದಲ್ಲಿ ಪಾಚಿ ಹಿಡಿದು ಬಂಡೆ ಜಾರುತ್ತದೆ. ದಸರೆ ಮುಗಿದ ಮೇಲೆಯೇ ನಮ್ಮ ವರ್ಷ ಶುರು.

ನಾನು ಕುಮಟೆಯವನು. ವಾಗಳೆ ಎಸ್ಟೇಟಿನ ಸಣ್ಣದೊಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದೆ, ವರ್ತಕ ನಗರದ ಹೌಸಿಂಗ್ ಬೋರ್ಡಿನ ಕೋಣೆಯೊಂದರಲ್ಲಿ ನಾಲ್ವರೊಂದಿಗೆ ಬಾಡಿಗೆಗಿದ್ದೆ. ಆಗ ಪೋಖರಣ್ ರಸ್ತೆಯಲ್ಲಿ ರೇಮಂಡ್ ಗಿರಣಿ ನಡೆಯುತ್ತಿತ್ತು, ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲು. ಗೆಳೆಯ ವಿಜಯಪುರದ ಕಡೆಯವನು. ಅಲ್ಲ, ಅವನ ಅಪ್ಪ ಅಲ್ಲಿಯವರು. ಕಲ್ಲು ಒಡೆಯುವ ಭೋವಿ ಮನೆತನ. 1972ರ ಬರದಲ್ಲಿ ಊರಿನ ಬಾವಿಗಳೆಲ್ಲ ಬತ್ತಿದಾಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಈ ಕಡೆ ಬಂದರು. ಹೊಸ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿ ಎರಡು ವರ್ಷವಾಗಿತ್ತು, ಖಾಡಿಯಾಚೆ ನವಿ ಮುಂಬಯಿ ಏಳಬೇಕಿತ್ತು. ಏಳುವ ಊರಿಗೆ ಜಲ್ಲಿ ಬೇಕು, ಜಲ್ಲಿಗೆ ಪಾರ್ಸಿಕ್ ಗುಡ್ಡದ ಸಾಲು ಬೇಕು. ಮುಂಬ್ರಾದಲ್ಲಿ ನಾವು ಹತ್ತುತ್ತಿದ್ದುದೂ ಅದೇ ಸಾಲಿನ ಕಲ್ಲನ್ನು. ಒಂದು ತುದಿಯಲ್ಲಿ ಅಪ್ಪ ಒಡೆದರು, ಇನ್ನೊಂದು ತುದಿಯಲ್ಲಿ ಮಗ ಹತ್ತಿದ.

ಅವನ ಅಪ್ಪನನ್ನು ನಾನು ಕಾಕಾ ಎನ್ನುತ್ತಿದ್ದೆ. ಅವರು ಕಲ್ಲು ಸೀಳುವುದನ್ನು ಕೋರೆಯ ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ. ಮೊದಲು ಬಂಡೆಯ ಸುತ್ತ ಒಂದು ಪ್ರದಕ್ಷಿಣೆ. ಕೈಯಲ್ಲಿ ಸಣ್ಣ ಸುತ್ತಿಗೆ, ಅಲ್ಲಲ್ಲಿ ಒಂದೊಂದು ಏಟು, ಏಟಿನ ಜೊತೆಗೆ ತಲೆ ಸ್ವಲ್ಪ ವಾಲಿಸುವುದು. ಎಳೆ ಎಲ್ಲಿ ಹಾದಿದೆ ಎಂದು ಗೊತ್ತಾದ ಮೇಲೆ ಚಾಣ ಹಿಡಿದು ಗೇಣಿಗೊಂದರಂತೆ ಸಾಲಾಗಿ ಗುಳಿ ಕಡೆಯುವರು. ಗುಳಿಗೊಂದು ಕಬ್ಬಿಣದ ಬೆಣೆ. ಆಮೇಲೆ ದೊಡ್ಡ ಸುತ್ತಿಗೆ ಎತ್ತಿ ಮೊದಲ ಬೆಣೆಗೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದು, ಮತ್ತೆ ಮೊದಲಿನಿಂದ. ಯಾವುದಕ್ಕೂ ಎರಡು ಏಟು ಒಟ್ಟಿಗೆ ಬೀಳುತ್ತಿರಲಿಲ್ಲ. ಸ್ವರ ಏರುತ್ತ ಏರುತ್ತ ಹೋಗಿ, ಒಂದು ಏಟಿಗೆ ತಟ್ಟನೆ ಇಳಿಯುತ್ತಿತ್ತು. ಆಗ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುವರು. ಕಲ್ಲು ಇನ್ನೂ ಇಡಿಯಾಗಿಯೇ ಕಾಣುತ್ತಿತ್ತು. ಬೀಡಿ ಅರ್ಧವಾಗುವಷ್ಟರಲ್ಲಿ ಬಂಡೆಯ ಮೈಮೇಲೆ ಕೂದಲೆಳೆಯ ಗೆರೆ ಮೂಡಿ, ಬೆಣೆಯಿಂದ ಬೆಣೆಗೆ ಓಡುತ್ತಿತ್ತು.

"ಒಡೆಯೂದು ನಾವಲ್ಲ. ಅದಕ್ಕ ಮನಸ್ಸು ಬಂದಾಗ ಒಡೀತದ" ಎಂದು ಕಾಕಾ ಒಮ್ಮೆ ಹೇಳಿದ್ದರು. ಮಗ ಅದನ್ನೇ ತಿರುಗಿಸಿ ಹಿಡಿದ: ಎಲ್ಲಿ ಒಡೆಯುವುದಿಲ್ಲವೋ ಅಲ್ಲಿ ಕೈ ಇಡಬೇಕು.

ಆ ಕಾಲದಲ್ಲಿ ವಿದೇಶಿ ಸಾಮಾನು ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಬಿರುಕಿಗೆ ಬಡಿದು ಹಗ್ಗ ಸಿಕ್ಕಿಸುವ ಪಿಟಾನನ್ನು ನಾವೇ ಮಾಡಿಕೊಂಡೆವು. ಪಾಳಿ ಮುಗಿದ ಮೇಲೆ ಧಣಿಯ ಒಪ್ಪಿಗೆ ಪಡೆದು, ಮೂಲೆಯಲ್ಲಿ ಬಿದ್ದಿದ್ದ ಮೆದು ಉಕ್ಕಿನ ಪಟ್ಟಿಯ ತುಂಡುಗಳನ್ನು ಆರಿಸಿ, ಕಾಯಿಸಿ, ತುದಿ ತೆಳ್ಳಗೆ ಬಡಿದು, ತಲೆ ಬಾಗಿಸಿ, ಡ್ರಿಲ್ಲಿನಲ್ಲಿ ಕಣ್ಣು ಕೊರೆಯುತ್ತಿದ್ದೆ. ಕಣ್ಣಿನ ಅಂಚನ್ನು ಅರದಿಂದ ನಯ ಮಾಡುವ ಕೆಲಸ ಅವನದು. ಅಂಚು ಚೂಪಾಗಿದ್ದರೆ ಹಗ್ಗ ಕತ್ತರಿಸುತ್ತದೆಂದು ಬೆರಳಾಡಿಸಿ ಆಡಿಸಿ ನೋಡುತ್ತಿದ್ದ. ಮೆದು ಉಕ್ಕು ಬಿರುಕಿನ ಅಂಕುಡೊಂಕಿಗೆ ಬಾಗಿ ಕೂರುತ್ತದೆ. ಅದೇ ಅದರ ಗುಣ, ಬೇಗ ಹಾಳಾಗುವುದು ಅದರ ದೋಷ. ಬಡಿಯುವಾಗ ಪಿಟಾನ್ ಸರಿಯಾಗಿ ಕೂತರೆ ಪ್ರತಿ ಏಟಿಗೂ ಸ್ವರ ಮೇಲಕ್ಕೇರುತ್ತದೆ. ನಮಗೆ ಶಿಬಿರದಲ್ಲಿ ಕಲಿಸಿದ್ದ ಈ ಪಾಠ ಅವನಿಗೆ ಕೋರೆಯ ಜೋಳಿಗೆಯಲ್ಲೇ ಕೇಳಿ ಗೊತ್ತಿತ್ತು.

ಒಮ್ಮೆ ಬೊರಿವಲಿ ಕಡೆಯಿಂದ ಕಾನ್ಹೇರಿಗೆ ಹೋದೆವು. ನಮ್ಮ ಠಾಣೆಯ ಯೇವೂರಿನ ಬೆಟ್ಟದ ಆಚೆ ಮಗ್ಗುಲಿಗೆ, ಅದೇ ಕಾಡಿನಲ್ಲಿ, ಕರಿಗಲ್ಲಿನಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಬೌದ್ಧ ಭಿಕ್ಷುಗಳು ಸಾವಿರ ವರ್ಷ ಇದ್ದ ಜಾಗ. ಅಲ್ಲಿಯ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ ಎಂದು ನಾನು ಓದಿಕೊಂಡು ಹೋಗಿದ್ದೆ. ಅವನ ಸಾಮಂತರಾಗಿ ಕೊಂಕಣ ಆಳುತ್ತಿದ್ದ ಶಿಲಾಹಾರರ ಕಾಲದ, 9ನೆಯ ಶತಮಾನದ ಬರಹಗಳು. ಉತ್ಸಾಹದಿಂದ ವಿವರಿಸಿದೆ. ಅವನು ಹೂಂಗುಟ್ಟುತ್ತ ಗೋಡೆಯ ಮೇಲಿನ ಚಾಣದ ಗೀರುಗಳಿಗೆ ಅಂಗೈ ಆನಿಸಿ ನಿಂತಿದ್ದ. "ಇವರ ಹೆಸರು ಬರದಾರೇನು?" ಎಂದು ಕೇಳಿದ. ರಾಜರ ಹೆಸರಿದೆ, ದಾನ ಕೊಟ್ಟವರ ಹೆಸರಿದೆ ಎಂದೆ. ಮತ್ತೆ ಅವನು ಏನೂ ಕೇಳಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಸೀಮೆಯ ಆರೋಹಣದ ಚರಿತ್ರೆಯನ್ನು ಬರೆದವರಿದ್ದಾರೆ, ಬರೆಯಲೇಬೇಕಾದ ಚರಿತ್ರೆ ಅದು. 1988ರಲ್ಲಿ ವಸಂತ ಲಿಮಯೆಯವರ ಮುಂದಾಳತ್ವದಲ್ಲಿ ಗಿರಿವಿಹಾರದ ತಂಡ 8,586 ಮೀಟರಿನ ಕಾಂಚನಜುಂಗಾಕ್ಕೆ ಹೊರಟಿತು. ಸೈನ್ಯದ ಬಲವಿಲ್ಲದೆ ನೌಕರಿಯವರು ಅಂಥ ಶಿಖರಕ್ಕೆ ಕೈ ಹಾಕಿದ್ದೇ ನಮಗೆಲ್ಲ ರೋಮಾಂಚನ. ಆ ಪರ್ವತದಲ್ಲಿ ಸಂಜಯ್ ಬೊರೊಲೆ ತೀರಿಕೊಂಡ ಸುದ್ದಿ ಬಂದಾಗ, ಅವರನ್ನು ಮುಖತಃ ಬಲ್ಲವರಲ್ಲದ ನಾವೂ ಮುಂಬ್ರಾದ ಬಂಡೆಯ ಕೆಳಗೆ ಹಗ್ಗ ಬಿಚ್ಚದೆ ಕೂತಿದ್ದೆವು. ಆ ಹೆಸರುಗಳು ಉಳಿಯುತ್ತವೆ, ಉಳಿಯಲಿ. ಆದರೆ ಈ ಗುಡ್ಡಸಾಲಿನ ಕಲ್ಲಿನ ಗುಣವನ್ನು ಕೈಯಿಂದ ಬಲ್ಲವರು ಕೋರೆಯಲ್ಲಿದ್ದರು. ಅವರಿಂದ ಹಿಡಿತ ಕಲಿತ ನನ್ನಂಥವರಾದರೂ ಅದನ್ನು ಬರೆದಿಡದಿದ್ದರೆ ಇನ್ಯಾರು ಬರೆಯಬೇಕು?

ಬಾದಾಮಿಗೂ ಅವನೂ ನಾನೂ ಒಟ್ಟಿಗೆ ಹೋಗಿದ್ದೆವು, ಸೊಲ್ಲಾಪುರದಲ್ಲಿ ಮೀಟರ್‌ಗೇಜ್ ಗಾಡಿ ಬದಲಿಸಿ. ಅಲ್ಲಿಯ ಕೆಂಪು ಮರಳುಗಲ್ಲನ್ನು ತಟ್ಟಿ ನೋಡಿ, "ಇದರ ಭಾಷಾ ಬ್ಯಾರೆ" ಎಂದು ಇಡೀ ಒಂದು ದಿನ ಹತ್ತದೆ ಬರೀ ತಟ್ಟುತ್ತ ತಿರುಗಿದ.

2016ರ ಮೇ ತಿಂಗಳಲ್ಲಿ ನವಿ ಮುಂಬಯಿಯಲ್ಲಿ, ಹಗ್ಗವಿಲ್ಲದೆ ಗಿಡ್ಡ ಗೋಡೆ ಹತ್ತುವ ಬೋಲ್ಡರಿಂಗ್ ವಿಶ್ವಕಪ್ ನಡೆಯಿತು. ಈ ದೇಶದಲ್ಲಿ ಅಂಥದ್ದು ಅದೇ ಮೊದಲು. ಅವನ ಅಪ್ಪ ಜಲ್ಲಿ ಒಡೆದುಕೊಟ್ಟ ಊರಿನಲ್ಲಿ, ಹೊರದೇಶದ ಹುಡುಗ ಹುಡುಗಿಯರು ಬಣ್ಣಬಣ್ಣದ ಹಿಡಿಗಳಿಗೆ ಜಿಗಿದು ನೇತಾಡುತ್ತಿದ್ದರು. ಕಟ್ಟಿದ ಗೋಡೆ ಅವನಿಗೆ ಸೇರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವನೋ ಮುಂದಿನ ಸಾಲಿಗೆ ನುಗ್ಗಿ, ಹೆಸರೂ ಗೊತ್ತಿಲ್ಲದ ಹುಡುಗಿಯೊಬ್ಬಳು ಮೇಲಿನ ಹಿಡಿ ಮುಟ್ಟಿದಾಗ ಶಿಳ್ಳೆ ಹಾಕಿ, ನನ್ನ ತೋಳು ಹಿಡಿದು ಅಲುಗಿಸಿದ. ಕಣ್ಣು ಒದ್ದೆಯಾಗಿದ್ದವು. "ಆಕಿ ಬೆರಳು ನೋಡಲೇ, ಬೆರಳು ನೋಡು!"

ಹೋದ ವರ್ಷ ಫೆಬ್ರವರಿಯಲ್ಲಿ, ನಿದ್ದೆಯಲ್ಲೇ, ಅವನ ಹೃದಯ ನಿಂತು ಹೋಯಿತು. ಹದಿಮೂರನೆಯ ದಿನ ಅವನ ಹೆಂಡತಿ ಒಂದು ಗೋಣಿಚೀಲ ತಂದು ನನ್ನ ಮುಂದಿಟ್ಟರು. "ಅಣ್ಣಾರ, ಇವು ನಿಮ್ಮ ಕಡೀನ ಇರಲಿ." ಒಳಗೆ ಪಿಟಾನುಗಳು, ಅವನ ಸುತ್ತಿಗೆ, ಕಾಕಾರ ಒಂದು ಚಾಣ. ಹೊಡೆತ ತಿಂದು ತಿಂದು ಚಾಣದ ತಲೆ ಅಣಬೆಯಂತೆ ಅರಳಿತ್ತು.

ಈ ಜನವರಿಯಲ್ಲಿ ಸುತ್ತಿಗೆ ತೆಗೆದುಕೊಂಡು ಮುಂಬ್ರಾಕ್ಕೆ ಹೋದೆ. ನಾವು 1986ರಲ್ಲಿ ಬಡಿದ ಪಿಟಾನೊಂದು ಬಿರುಕಿನಲ್ಲಿ ಇನ್ನೂ ಇದೆ. ತಲೆ ತುಕ್ಕು ಹಿಡಿದು ಪದರು ಪದರಾಗಿದೆ, ಅವನು ಉಜ್ಜಿದ ಕಣ್ಣು ಮಾತ್ರ ಇನ್ನೂ ದುಂಡಗಿದೆ. ಕೆಳಗೆ ನಾಲ್ಕು ಹುಡುಗರು ಹಗ್ಗ ಬಿಚ್ಚುತ್ತಿದ್ದರು. ಮೆಲ್ಲಗೆ ಒಂದು ಏಟು ಕೊಟ್ಟೆ. ಕಿವಿ ಹತ್ತಿರ ತಂದು ಇನ್ನೊಂದು ಕೊಟ್ಟೆ. ಸ್ವರ ಏಳಲಿಲ್ಲ, ಮಣ್ಣಿಗೆ ಬಡಿದ ಹಾಗೆ ಕೇಳಿತು.

ಇಳಿದು ಬಂದು ಹುಡುಗರಿಗೆ ಅದನ್ನು ತೋರಿಸಿ, ಅದಕ್ಕೆ ಹಗ್ಗ ಹಾಕಬೇಡಿ ಎಂದು ಹೇಳಿದೆ. ಅವರಲ್ಲಿ ಒಬ್ಬ, ಹೇಗೆ ಗೊತ್ತಾಯಿತು ಕಾಕಾ ಎಂದು ಮರಾಠಿಯಲ್ಲಿ ಕೇಳಿದ. ಸುತ್ತಿಗೆಯನ್ನು ಅವನ ಕೈಗೆ ಕೊಟ್ಟು, ಬುಡದ ಬಂಡೆಯನ್ನು ಮೊದಲು ತಟ್ಟಿ ನೋಡಲು ಹೇಳಿದೆ.